ಸಾಕ್ಷಿ ಹೇಳಿದವರು

ಹುತಾತ್ಮರು ಅಂದ ಕೂಡಲೆ ನಮಗೆ ಸ್ವಾತಂತ್ರ್ಯ ಹೋರಾಟಗಾರರು ನೆನಪಾಗುತ್ತಾರೆ. ಕ್ರೈಸ್ತರ ಮೊದಲ ಕಾಲದಲ್ಲಿಯೂ ಹುತಾತ್ಮರು ಇದ್ದರು. ಅವರನ್ನು ಗ್ರೀಕ್ ಭಾಷೆಯಲ್ಲಿ ‘ಮಾರ್ತುಸ್’ ಎಂದು ಕರೆದರು. ಹಾಗಂದ್ರ ಸಾಕ್ಷಿ, ಅಷ್ಟೆ. ಕೋರ್ಟಿನಲ್ಲಿ ನಿಂತು ಕಂಡದ್ದನ್ನು ಹೇಳುವವ ಇದ್ದಾನಲ್ಲ, ಅವನು.

ಆಗ ರೋಮ್ ಚಕ್ರವರ್ತಿಗಳ ಆಳ್ವಿಕೆ. ಕ್ರೈಸ್ತನೆಂದು ಹಿಡಿದು ತಂದವನು ಚಕ್ರವರ್ತಿಯ ಕ್ಷೇಮಕ್ಕಾಗಿ ಅವರ ದೇವರಿಗೆ ಬಲಿ ಅರ್ಪಿಸಿದರೆ ಬಿಡುಗಡೆ. ಒಲ್ಲೆ ಅಂದರೆ ಸಾವು. ಎಲ್ಲ ಊರಲ್ಲಿ, ಎಲ್ಲ ಕಾಲಕ್ಕೂ ಹೀಗೆ ಇರಲಿಲ್ಲ. ಕ್ರಿ.ಶ. 313ರಲ್ಲಿ ಇದಕ್ಕೆ ದೊಡ್ಡ ತಡೆ ಬಿತ್ತು.

ನಾನು ಹೇಳಬೇಕೆಂದಿರುವುದು ಇಬ್ಬರು ಹೆಣ್ಣುಮಕ್ಕಳ ವಿಷಯ. ಆಫ್ರಿಕಾದ ಕಾರ್ಥೇಜ್ ಪಟ್ಟಣ, ಈಗಿನ ಟ್ಯುನೀಷಿಯಾ ದೇಶದಲ್ಲಿದೆ. ಪರ್ಪೆತುವಾ ದೊಡ್ಡ ಮನೆತನದವಳು, ವಯಸ್ಸು ಸುಮಾರು 22, ಮೊಲೆ ಉಣ್ಣುವ ಕೂಸಿತ್ತು. ಫೆಲಿಸಿತಾ ದಾಸಿ, ಎಂಟು ತಿಂಗಳ ಬಸುರಿ. ಪರ್ಪೆತುವಾಳ ತಂದೆ ಬಂದು ಬ್ಯಾಡ ಮಗಳೆ ಎಂದು ಗೋಗರೆದ. ಆಕಿ ಅಲ್ಲಿದ್ದ ಒಂದು ಕೊಡ ತೋರಿಸಿ, ಇದನ್ನು ಕೊಡವಲ್ಲದೆ ಬೇರೆ ಏನಾದರೂ ಅನ್ನಲಾದೀತೆ ಎಂದು ಕೇಳಿದಳು. ನಾನೂ ಹಾಗೇ, ಕ್ರೈಸ್ತಳೆಂದಲ್ಲದೆ ಬೇರೆ ಹೇಳಲಾರೆ ಅಂದಳು.

ಬಸುರಿಯನ್ನು ಕೊಲ್ಲಬಾರದೆಂದು ರೋಮಿನವರ ಕಾನೂನು. ಫೆಲಿಸಿತಾ ಜೈಲಿನಲ್ಲೇ ತಿಂಗಳು ತುಂಬುವ ಮೊದಲೆ ಹಡೆದಳು. ಹೆಣ್ಣುಕೂಸು. ಬೇರೊಬ್ಬ ಕ್ರೈಸ್ತ ಹೆಣ್ಣುಮಗಳು ಅದನ್ನು ಸಾಕಿದಳು.

ಕ್ರಿ.ಶ. 203ರ ಮಾರ್ಚ್ 7ರಂದು ಮಂದಿ ನೆರೆದ ಬಯಲಿನಲ್ಲಿ ಇಬ್ಬರ ಮೇಲೂ ಹಾಯುವ ಆಕಳನ್ನು ಬಿಟ್ಟರು. (ನಮ್ಮೂರಲ್ಲಿ ಹಾಯುವ ಆಕಳ ಮುಂದೆ ಓಡಿದವರಿಗೆ ಅದು ಏನಂತ ಗೊತ್ತು.) ಪರ್ಪೆತುವಾ ಬಿದ್ದು ಎದ್ದಳು. ದಾಸಿ ನೆಲಕ್ಕೆ ಬಿದ್ದದ್ದು ಕಂಡು ಹೋಗಿ ಕೈ ಕೊಟ್ಟು ಎಬ್ಬಿಸಿದಳು. ಇಬ್ಬರೂ ಜೋಡಿಯಾಗಿ ನಿಂತರು. ಆಮೇಲೆ ಕತ್ತಿಯಿಂದ ಕೊಂದರು.

ಇದನ್ನು ಓದುವಾಗ ನನಗೆ ನಮ್ಮ ಕಲ್ಯಾಣದ ಶರಣರು ನೆನಪಾದರು. 12ನೆಯ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಬಿಜ್ಜಳನು ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದ ಎಂದು ಶರಣರ ಕಥೆಗಳು ಹೇಳುತ್ತವೆ. ಅಲ್ಲಿ ದೇವರ ಪ್ರಶ್ನೆ, ಇಲ್ಲಿ ಜಾತಿಯ ಪ್ರಶ್ನೆ. ಆದರೆ ಮೇಲು ಕೀಳು ಅನ್ನಿಸಿಕೊಂಡವರು ಒಂದೇ ಶಿಕ್ಷೆಗೆ ಜೋಡಿಯಾಗಿ ನಿಂತದ್ದು ಎರಡು ಕಡೆಯೂ ಹೌದು.

ಪರ್ಪೆತುವಾಗೆ ಓದು ಬರಹ ಬರುತ್ತಿತ್ತು. ಜೈಲಿನಲ್ಲಿ ತಾನೇ ಬರೆದ ದಿನಚರಿ ಲ್ಯಾಟಿನ್ ಭಾಷೆಯಲ್ಲಿ ಈಗಲೂ ಉಳಿದಿದೆ. ಕೆಲವು ವಿವರ ನಮಗೆ ಅದರಿಂದಲೇ ಸಿಕ್ಕದ್ದು. ಫೆಲಿಸಿತಾ ಬರೆದದ್ದು ಒಂದು ಸಾಲೂ ಇಲ್ಲ. ಆಕಿ ಹಡೆದ ಕೂಸಿನ ಹೆಸರು ಸಹ ಅದರಲ್ಲಿ ಬರೆದಿಲ್ಲ.