‘ಲಾಗ್’: ಮರದ ದಿಮ್ಮಿಯಿಂದ ಹೊರಟ ಹಲವು ಅರ್ಥಗಳು

ಇಂಗ್ಲಿಷ್ ಪದವೊಂದನ್ನು ಕಪ್ಪುಹಲಗೆಯ ಮೇಲೆ ಬರೆದು, ಅದರ ಮುಂದೆ ಒಂದು ಕನ್ನಡ ಅರ್ಥವನ್ನು ಕೊಟ್ಟು, ಮಕ್ಕಳಿಂದ ಐದು ಬಾರಿ ಬರೆಯಿಸುವುದು ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಪ್ರಾರಂಭಿಕ ಹಂತಕ್ಕೆ ಇದು ಸಾಕು. ಆದರೆ ಅದೇ ಪದವು ಮತ್ತೊಂದು ಪಾಠದಲ್ಲಿ ಮತ್ತೊಂದು ಅರ್ಥದಲ್ಲಿ ಎದುರಾದಾಗ, ಮಗು ತಾನು ಮೊದಲು ಕಲಿತದ್ದೇ ತಪ್ಪೇನೋ ಎಂದು ಅಳುಕುತ್ತದೆ. ಮನೆಯಲ್ಲಿ ಕನ್ನಡ ಅಥವಾ ತೆಲುಗು, ಬೀದಿಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್ ಎಂದು ದಿನವೂ ಮೂರು ನಾಲ್ಕು ಭಾಷೆಗಳ ನಡುವೆ ಓಡಾಡುವ ಹೊಸೂರು, ಕೃಷ್ಣಗಿರಿ ಭಾಗದ ಮಕ್ಕಳಿಗೆ ಈ ಅಳುಕು ಇನ್ನೂ ಹೆಚ್ಚು.

ನನ್ನ ವೃತ್ತಿಯ ಆರಂಭದ ವರ್ಷಗಳಲ್ಲಿ ಒಮ್ಮೆ ಗಣಿತ ಶಿಕ್ಷಕರು ರಜೆಯಲ್ಲಿದ್ದ ಕಾರಣ, ಅವರ ತರಗತಿಯನ್ನು ನಾನು ನೋಡಿಕೊಳ್ಳಬೇಕಾಯಿತು. ಅಂದು ಲಾಗ್ ಕೋಷ್ಟಕವನ್ನು ಬಳಸುವ ಪಾಠ. ಹಿಂದಿನ ಸಾಲಿನ ಬಾಲಕಿಯೊಬ್ಬಳು ಎದ್ದು, “ಸಾರ್, ನಮ್ಮಪ್ಪನ ಲಾರೀಲೂ ಲಾಗ್ ಬುಕ್ ಐತೆ. ಅದ್ರಲ್ಲೂ ಇದೇ ಲೆಕ್ಕ ಇರ್ತದಾ?” ಎಂದು ಕೇಳಿದಳು. “ಎರಡೂ ಲೆಕ್ಕವೇ ಅಲ್ಲವೇನಮ್ಮ, ಎರಡೂ ಒಂದೇ” ಎಂದುಬಿಟ್ಟೆ. ಅವಳು ತೃಪ್ತಳಾಗಿ ಕುಳಿತಳು. ನನ್ನ ಉತ್ತರ ಪೂರ್ತಿ ತಪ್ಪು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ದಿಮ್ಮಿ ಮತ್ತು ಹಗ್ಗದ ಗಂಟು

ಇಂಗ್ಲಿಷಿನಲ್ಲಿ ‘ಲಾಗ್’ ಎಂದರೆ ಮೂಲತಃ ಮರದ ದಿಮ್ಮಿ, ಕಡಿದ ಮರದ ತುಂಡು. ತಳಿ, ಅಂಚೆಟ್ಟಿ ಕಡೆಯ ಕಾಡಿನಂಚಿನ ಮಕ್ಕಳಿಗೆ ದಿಮ್ಮಿಯನ್ನು ವಿವರಿಸಬೇಕಾಗಿಲ್ಲ. ಆದರೆ ಈ ದಿಮ್ಮಿಗೂ ಲಾರಿಯ ಪುಸ್ತಕಕ್ಕೂ ಇರುವ ನಂಟು ಸಮುದ್ರದ ಮೇಲೆ ಹುಟ್ಟಿತು.

ನಡುಸಮುದ್ರದಲ್ಲಿ ಮೈಲಿಗಲ್ಲುಗಳಿಲ್ಲ. ಹಡಗು ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂಬುದನ್ನು ತಿಳಿಯಲು ನಾವಿಕರು ಹಗ್ಗಕ್ಕೆ ಕಟ್ಟಿದ ಮರದ ತುಂಡೊಂದನ್ನು ಹಡಗಿನ ಹಿಂಭಾಗದಿಂದ ನೀರಿಗೆ ಎಸೆಯುತ್ತಿದ್ದರು. ತುಂಡು ನೀರಿನಲ್ಲಿ ಹೆಚ್ಚುಕಡಿಮೆ ಇದ್ದಲ್ಲಿಯೇ ನಿಲ್ಲುತ್ತಿತ್ತು. ಹಡಗು ಮುಂದೆ ಸಾಗಿದಂತೆ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಇಂಗ್ಲೆಂಡಿನ ವಿಲಿಯಂ ಬೋರ್ನ್ 1574ರಲ್ಲಿ ಪ್ರಕಟಿಸಿದ ನೌಕಾಯಾನದ ಕೈಪಿಡಿಯಲ್ಲಿ ಈ ವಿಧಾನದ ವಿವರಣೆಯಿದೆ. ಮುಂದೆ ಹಗ್ಗದಲ್ಲಿ ಸಮಾನ ಅಂತರದ ಗಂಟುಗಳನ್ನು ಹಾಕುವ ಕ್ರಮ ಬಂದಿತು. ಮರಳು ಗಡಿಯಾರದ ಮರಳು ಇಳಿಯುವಷ್ಟರಲ್ಲಿ ಎಷ್ಟು ಗಂಟುಗಳು ಕೈಯಿಂದ ಜಾರಿದವೋ ಅದೇ ಹಡಗಿನ ವೇಗ. ಹಡಗು, ವಿಮಾನಗಳ ವೇಗವನ್ನು ಇಂದಿಗೂ ‘ನಾಟ್’ ಎಂಬ ಮಾನದಲ್ಲಿ ಹೇಳುತ್ತಾರೆ. ‘ನಾಟ್’ ಎಂದರೆ ಗಂಟು.

ಹೀಗೆ ಅಳೆದ ವೇಗವನ್ನು, ಜೊತೆಗೆ ಗಾಳಿಯ ದಿಕ್ಕು, ಹಡಗು ಸಾಗಿದ ದಿಕ್ಕುಗಳನ್ನು ಕ್ರಮವಾಗಿ ಬರೆದಿಡುತ್ತಿದ್ದ ಪುಸ್ತಕಕ್ಕೆ ‘ಲಾಗ್ ಬುಕ್’ ಎಂಬ ಹೆಸರಾಯಿತು. ಕಾಲಕ್ರಮದಲ್ಲಿ ‘ಬುಕ್’ ಉದುರಿ, ‘ಲಾಗ್’ ಎಂದರೇ ದಾಖಲೆ ಎಂಬ ಅರ್ಥ ನೆಲೆಗೊಂಡಿತು.

ಹಡಗಿನಿಂದ ಶಾಲೆಗೆ, ಗಣಕಯಂತ್ರಕ್ಕೆ

ದಾಖಲೆ ಎಂಬ ಈ ಅರ್ಥವು ಬಹುಬೇಗ ದಡವನ್ನೇರಿತು. ಇಂಗ್ಲೆಂಡಿನಲ್ಲಿ 1862ರ ಪರಿಷ್ಕೃತ ಶಿಕ್ಷಣ ಸಂಹಿತೆಯು ಸರ್ಕಾರದ ಅನುದಾನ ಪಡೆಯುವ ಶಾಲೆಗಳ ಮುಖ್ಯೋಪಾಧ್ಯಾಯರು ಲಾಗ್ ಬುಕ್ ಇಡಬೇಕೆಂದು ವಿಧಿಸಿತು. ಬೆಂಗಳೂರು–ಕೃಷ್ಣಗಿರಿ ಹೆದ್ದಾರಿಯ ಲಾರಿಯಲ್ಲಿ ಹೊರಟ ಊರು, ಓಡಿದ ಕಿಲೋಮೀಟರ್, ತುಂಬಿಸಿದ ಡೀಸೆಲ್ ಇವುಗಳನ್ನು ಬರೆಯುವ ಪುಸ್ತಕವೂ ಈ ವಂಶದ್ದೇ.

1960ರ ದಶಕದ ಆರಂಭದಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಹಲವರು ಒಂದೇ ಗಣಕಯಂತ್ರವನ್ನು ಏಕಕಾಲದಲ್ಲಿ ಬಳಸುವ ವ್ಯವಸ್ಥೆ ರೂಪುಗೊಂಡಿತು. ಯಾರು ಬಳಸುತ್ತಿದ್ದಾರೆ, ಎಷ್ಟು ಹೊತ್ತು ಬಳಸಿದರು ಎಂಬುದು ದಾಖಲಾಗಬೇಕಿತ್ತು. ಅಲ್ಲಿ ಬಳಕೆಗೆ ಬಂದ ‘ಲಾಗಿನ್’ ಎಂಬ ಆದೇಶವನ್ನೇ ನಾವು ಇಂದು ‘ಎಮಿಸ್’ ತಾಣದಲ್ಲಿ ಹಾಜರಿ ತುಂಬುವಾಗ ಬಳಸುತ್ತೇವೆ. 1997ರಲ್ಲಿ ಜೋರ್ನ್ ಬಾರ್ಗರ್ ಎಂಬವರು ಅಂತರಜಾಲದ ದಿನಚರಿಗೆ ‘ವೆಬ್‌ಲಾಗ್’ ಎಂದು ಹೆಸರಿಟ್ಟರು. ಅದು ಮೊಟಕಾಗಿ ‘ಬ್ಲಾಗ್’ ಆಯಿತು.

ಅನುವಾದದಲ್ಲಿ ಆಗುವ ನಷ್ಟವೊಂದನ್ನು ಇಲ್ಲಿ ಗಮನಿಸಬೇಕು. ಲಾಗಿನ್ ಎಂಬುದಕ್ಕೆ ತಮಿಳಿನಲ್ಲಿ ‘ಉಳ್‌ನುಳೈ’ ಎನ್ನುತ್ತಾರೆ. ಆ ‘ಉಳ್’ ನಮ್ಮ ‘ಒಳ’ದ ಸೋದರಪದ. ಕನ್ನಡದಲ್ಲಿಯೂ ‘ಒಳಪ್ರವೇಶ’ ಎನ್ನುವುದುಂಟು. ಎರಡರಲ್ಲಿಯೂ ಪ್ರವೇಶದ ಅರ್ಥ ಉಳಿದಿದೆ, ದಾಖಲೆಯ ಅರ್ಥ ಅಳಿದಿದೆ. ಲಾಗಿನ್ ಆಗುವುದೆಂದರೆ ತನ್ನ ಹೆಸರನ್ನು ದಾಖಲಿಸಿ ಒಳಹೋಗುವುದು. ಬೇರೊಬ್ಬರ ಗುಪ್ತಪದದಿಂದ ಒಳಹೋದರೆ, ನಾವು ಮಾಡಿದ್ದು ಅವರ ಹೆಸರಿನಲ್ಲಿ ದಾಖಲಾಗುತ್ತದೆ. ಇಷ್ಟು ಹೇಳಿದರೆ ಗುಪ್ತಪದವನ್ನು ಏಕೆ ಹಂಚಿಕೊಳ್ಳಬಾರದು ಎಂಬುದನ್ನು ಮಕ್ಕಳು ತಾವೇ ಗ್ರಹಿಸುತ್ತಾರೆ.

ರೂಪ ಒಂದೇ, ಮೂಲ ಬೇರೆ

ಇನ್ನು ಗಣಿತದ ‘ಲಾಗ್’. ಇದಕ್ಕೂ ದಿಮ್ಮಿಗೂ ಯಾವ ಸಂಬಂಧವೂ ಇಲ್ಲ. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಳಸಿದ ‘ಲಾಗರಿದಮ್’ ಎಂಬ ಪದದ ಮೊಟಕು ರೂಪವಿದು. ಗ್ರೀಕಿನ ‘ಲೋಗೋಸ್’, ‘ಅರಿತ್ಮೋಸ್’ ಎಂಬ ಪದಗಳಿಂದ ಅದನ್ನು ಕಟ್ಟಲಾಗಿದೆ. ಮೊದಲನೆಯದಕ್ಕೆ ಇಲ್ಲಿ ಅನುಪಾತವೆಂದೂ ಎರಡನೆಯದಕ್ಕೆ ಸಂಖ್ಯೆಯೆಂದೂ ಅರ್ಥ.

ಈ ಭೇದವನ್ನು ಕನ್ನಡದಿಂದಲೇ ತಿಳಿಸಬಹುದು. ತೆಂಗಿನಕಾಯಿಯ ಕಣ್ಣು, ಸೂಜಿಯ ಕಣ್ಣು, ಕಬ್ಬಿನ ಕಣ್ಣು, ನವಿಲುಗರಿಯ ಕಣ್ಣು ಇವೆಲ್ಲ ಒಂದೇ ಪದದ ಅರ್ಥವಿಸ್ತಾರಗಳು. ಆದರೆ ಕಪ್ಪು ಎಂಬರ್ಥದ ‘ಕರಿ’ ದ್ರಾವಿಡ ಪದ. ಆನೆ ಎಂಬರ್ಥದ ‘ಕರಿ’ ಸಂಸ್ಕೃತದಿಂದ ಬಂದದ್ದು. ಇವು ಒಂದೇ ರೂಪದ ಎರಡು ಪದಗಳು. ದಿಮ್ಮಿ, ಹಡಗಿನ ಪುಸ್ತಕ, ಲಾಗಿನ್ ಇವು ‘ಕಣ್ಣಿ’ನ ಬಗೆಯವು, ಗಣಿತದ ಲಾಗ್ ‘ಕರಿ’ಯ ಬಗೆಯದು. ಒಳ್ಳೆಯ ನಿಘಂಟುಗಳು ಎರಡನೆಯ ಬಗೆಯ ಪದಗಳನ್ನು 1, 2 ಎಂದು ಅಂಕಿ ಕೊಟ್ಟು ಬೇರೆ ಬೇರೆಯಾಗಿ ನಮೂದಿಸುತ್ತವೆ. ಈ ಅಂಕಿಗಳನ್ನು ನೋಡುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಬೇಕು.

ತರಗತಿಯಲ್ಲಿ

1. ‘ಲಾಗ್’ ಪದವನ್ನು ಎಲ್ಲೆಲ್ಲಿ ಕೇಳಿದ್ದಾರೆ ಎಂದು ಮಕ್ಕಳನ್ನೇ ಕೇಳಿ, ಅವರ ಉತ್ತರಗಳನ್ನು ಹಲಗೆಯ ಮೇಲೆ ಪಟ್ಟಿಮಾಡಿ. ಅರ್ಥವನ್ನು ಆಗಲೇ ಹೇಳಬೇಡಿ.

2. ಮೈದಾನದಲ್ಲಿ 14 ಮೀಟರ್ 40 ಸೆಂಟಿಮೀಟರ್ ಅಳೆದು ಎರಡು ಗೆರೆಗಳನ್ನು ಎಳೆಯಿರಿ. ಗಂಟುಗಳ ನಡುವಿನ ಅಂತರ ಸುಮಾರು ಇಷ್ಟು. ಮರಳು ಇಳಿಯುವ ಕಾಲ 28 ಸೆಕೆಂಡು. ಈ ವೇಗದಲ್ಲಿ ಗಂಟೆಗೆ ಎಷ್ಟು ದೂರ ಸಾಗಬಹುದೆಂದು ಲೆಕ್ಕ ಮಾಡಿಸಿ. ಉತ್ತರ ಸುಮಾರು 1851 ಮೀಟರ್ ಬರುತ್ತದೆ. ಇಂದಿನ ನಾವಿಕ ಮೈಲಿ 1852 ಮೀಟರ್.

3. ಪಟ್ಟಿಯಲ್ಲಿರುವ ಯಾವ ಅರ್ಥ ಯಾವುದರಿಂದ ಹುಟ್ಟಿತೆಂದು ಬಾಣದ ಗುರುತಿನಿಂದ ಜೋಡಿಸಲು ಹೇಳಿ. ಗಣಿತದ ಲಾಗ್‌ಗೆ ಬಾಣ ಸಿಗದಿರುವುದೇ ಈ ಪಾಠದ ಮುಖ್ಯ ಅಂಶ.

4. ಒಂದು ವಾರ ತರಗತಿಯ ಲಾಗ್ ಪುಸ್ತಕವನ್ನು ಮಕ್ಕಳೇ ಕನ್ನಡದಲ್ಲಿ ಬರೆಯಲಿ. ಆ ದಿನದ ಹವಾಮಾನ, ಹಾಜರಿ, ನಡೆದ ಪಾಠ ಇಷ್ಟೇ ಸಾಕು. ಕಂಡದ್ದನ್ನು ಮಾತ್ರ ಬರೆಯಬೇಕೆಂಬುದು ನಿಯಮವಾಗಿರಲಿ.

ಪ್ರತಿಯೊಂದು ಪದಕ್ಕೂ ಹೀಗೆ ಸಮಯ ಕೊಡಲಾಗದು. ಒಂದು ಅವಧಿಗೆ ಒಂದೆರಡು ಪದ ಸಾಕು. ಪದವೊಂದಕ್ಕೆ ಹಲವು ಅರ್ಥಗಳಿರುವುದು ಭಾಷೆಯ ಸಹಜ ನಡೆ, ತನ್ನ ತಪ್ಪಲ್ಲ ಎಂದು ಮಗುವಿಗೆ ಮನವರಿಕೆಯಾದರೆ ಮುಂದಿನ ಪದಗಳನ್ನು ಅದು ತಾನೇ ವಿಚಾರಿಸುತ್ತದೆ. ಮಗು ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದಿದ್ದಲ್ಲಿ, “ನಾಳೆ ನೋಡಿ ಹೇಳುತ್ತೇನೆ” ಎನ್ನುವುದರಿಂದ ಶಿಕ್ಷಕರ ಗೌರವಕ್ಕೆ ಕುಂದಿಲ್ಲ. ಅಂದು ಆ ಬಾಲಕಿಗೆ ನಾನು ಹೇಳಬೇಕಾಗಿದ್ದುದು ಆ ಮಾತನ್ನೇ.