ಕುಡಿಯುವ ನೀರಿಗೆ ನ್ಯಾನೋ ಶೋಧಕ: ಕೊಳ್ಳುವ ಮುನ್ನ ತಿಳಿಯಿರಿ

ಮರೋಳದ ರೈತ ಬಾಂಧವರೇ, ಬೋರಿನ ನೀರು ತಿಳಿಯಾಗಿದೆ ಎಂದ ಮಾತ್ರಕ್ಕೆ ಅದು ಕುಡಿಯಲು ಯೋಗ್ಯವೆನ್ನಲಾಗದು. ನೀರಿನಲ್ಲಿ ಕರಗಿದ ಆರ್ಸೆನಿಕ್ ವಿಷಕ್ಕೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ. ಕೃಷ್ಣೆಯ ಆಚೆ, ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಇಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಅಂಗೈ, ಅಂಗಾಲುಗಳು ಗಡುಸಾಗಿ ಮೈಮೇಲೆ ಕಲೆಗಳೆದ್ದವು. ಅದು ಹಳೆಯ ಚಿನ್ನದ ಗಣಿಯ ಪ್ರದೇಶ. ಈ ವಿಷ ಅಲ್ಲಿಯ ಕಲ್ಲಿನಲ್ಲಿಯೇ ಇದೆ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಆರ್ಸೆನಿಕ್, ಸೀಸ ಮುಂತಾದವು ಹೋಗುವುದಿಲ್ಲ.

ಇವನ್ನು ತೆಗೆಯಲು ನ್ಯಾನೋ ಕಣಗಳು ಉಪಯುಕ್ತವಾಗಿವೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ನ್ಯಾನೋಮೀಟರು. ಮರಳಿಗಿಂತ ಎರೆಮಣ್ಣು ಹಸಿಯನ್ನೂ ಪೋಷಕಾಂಶವನ್ನೂ ಹೆಚ್ಚು ಹಿಡಿದಿಡುವುದು ನಿಮಗೆ ಗೊತ್ತು. ಕಣ ಸಣ್ಣದಾದಷ್ಟೂ ಒಟ್ಟು ಮೇಲ್ಮೈ ಹೆಚ್ಚುವುದೇ ಇದಕ್ಕೆ ಕಾರಣ. ಒಂದು ಸೆಂಟಿಮೀಟರಿನ ಘನಾಕಾರದ ತುಂಡಿನ ಮೇಲ್ಮೈ 6 ಚದರ ಸೆಂಟಿಮೀಟರು. ಅದನ್ನೇ 10 ನ್ಯಾನೋಮೀಟರಿನ ತುಂಡುಗಳಾಗಿ ಕತ್ತರಿಸಿದರೆ 600 ಚದರ ಮೀಟರು, ಅಂದರೆ ಸುಮಾರು ಆರು ಗುಂಟೆಯಷ್ಟು ಮೇಲ್ಮೈ ದೊರೆಯುತ್ತದೆ!

ಕಬ್ಬಿಣದ ತುಕ್ಕಿನ ಜಾತಿಯ ನ್ಯಾನೋ ಕಣಗಳಿಗೆ ಆರ್ಸೆನಿಕ್ ಅಂಟಿಕೊಳ್ಳುತ್ತದೆ. ನ್ಯಾನೋ ಬೆಳ್ಳಿಯಿಂದ ಅತ್ಯಲ್ಪ ಪ್ರಮಾಣದ ಬೆಳ್ಳಿ ನೀರಿಗಿಳಿದು ರೋಗಾಣುಗಳನ್ನು ಕೊಲ್ಲುತ್ತದೆ. ಮದರಾಸಿನ ಐ.ಐ.ಟಿ.ಯ ಪ್ರಾಧ್ಯಾಪಕ ಟಿ. ಪ್ರದೀಪ್ ಮತ್ತು ಸಂಗಡಿಗರು ಇಂಥ ಕಣಗಳು ನೀರಿನೊಡನೆ ಕೊಚ್ಚಿಹೋಗದಂತೆ, ಸಿಗಡಿ ಚಿಪ್ಪಿನಿಂದ ದೊರೆಯುವ ಕೈಟೋಸಾನ್ ಎಂಬ ವಸ್ತುವಿನಲ್ಲಿ ಬಂಧಿಸಿ ಮರಳಿನಂಥ ಹರಳುಗಳನ್ನು ತಯಾರಿಸಿ, 2013ರಲ್ಲಿ ಪ್ರಕಟಿಸಿದರು.

ಕೆಳಗಿನ ಅಂಶಗಳನ್ನು ಗಮನಿಸಿರಿ:

1. ಮೊದಲು ಗ್ರಾಮ ಪಂಚಾಯಿತಿಯ ಮೂಲಕ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿರಿ. ಒಂದು ಲೀಟರಿನಲ್ಲಿ ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು; ಸೀಸಕ್ಕೂ ಇದೇ ಮಿತಿ.

2. ದೋಷಕ್ಕೆ ತಕ್ಕ ಶೋಧಕವನ್ನೇ ಕೊಳ್ಳಿರಿ. ನಮ್ಮ ಜಿಲ್ಲೆಯ ಕೆಲವು ಕೊಳವೆಬಾವಿಗಳಲ್ಲಿರುವ ಫ್ಲೋರೈಡಿಗೆ ಆರ್ಸೆನಿಕ್ ಶೋಧಕವನ್ನು ನಂಬಬಾರದು. ರೋಗಾಣು ಮಾತ್ರ ಇದ್ದರೆ ಕುದಿಸಿದರೂ ಸಾಕು.

3. ಚೀಲ ತುಂಬಿದ ಮೇಲೆ ಕಾಳು ಹಿಡಿಯದು. ಹಾಗೆಯೇ ಶೋಧಕವೂ ಒಂದು ದಿನ ತುಂಬುತ್ತದೆ. ಆಮೇಲೂ ನೀರು ತಿಳಿಯಾಗಿಯೇ ಬರುತ್ತದೆ, ಆದರೆ ವಿಷ ಉಳಿದಿರುತ್ತದೆ. ತಯಾರಕರು ತಿಳಿಸಿದ ಅವಧಿಗೆ ಬದಲಿಸಿ, ನೀರನ್ನು ಮತ್ತೆ ಪರೀಕ್ಷಿಸಿರಿ.

4. ಬಳಸಿದ ಹರಳುಗಳನ್ನು ತಿಪ್ಪೆಗೆ ಅಥವಾ ಹೊಲಕ್ಕೆ ಹಾಕಬೇಡಿರಿ, ಒದಗಿಸಿದವರಿಗೆ ಹಿಂದಿರುಗಿಸಿರಿ.

ಗೊಬ್ಬರಕ್ಕೆ ಮೊದಲು ಮಣ್ಣು ಪರೀಕ್ಷೆ ಮಾಡಿಸುವಂತೆ, ಶೋಧಕಕ್ಕೆ ಮೊದಲು ನೀರಿನ ಪರೀಕ್ಷೆ ಆಗಲಿ.