ಬರೋಕ್ ಮತ್ತು ಬಿನ್ನಾಣ

ಪದಗಳಿಗೂ ಮನುಷ್ಯರಂತೆ ಏಳುಬೀಳುಗಳುಂಟು. ಯುರೋಪಿನ ಕಲೆಯ ಚರಿತ್ರೆಯನ್ನೋದುವಾಗ ಪದೇ ಪದೇ ಎದುರಾಗುವ ‘ಬರೋಕ್’ ಎಂಬ ಪದವನ್ನೇ ನೋಡಬಹುದು. ಪೋರ್ಚುಗೀಸ್ ಭಾಷೆಯಲ್ಲಿ ‘ಬರ್ರೋಕೊ’ ಎಂದರೆ ದುಂಡಗಿಲ್ಲದ, ಸೊಟ್ಟಗಾದ ಮುತ್ತು. ಬರೋಕಿನ ಮೂಲ ಇದೇ ಎಂಬುದು ಬಹುಮಂದಿ ವಿದ್ವಾಂಸರ ಅಭಿಮತ. ಮತ್ತೆ ಕೆಲವರು, ಮಧ್ಯಯುಗದ ತರ್ಕವಿದ್ಯಾರ್ಥಿಗಳು ಒಂದು ಬಗೆಯ ಅನುಮಾನ ಸರಣಿಯನ್ನು ನೆನಪಿಡಲು ಬಳಸುತ್ತಿದ್ದ ‘ಬರೋಕೊ’ ಎಂಬ ಸಂಕೇತವನ್ನು ಮುಂದಿಡುತ್ತಾರೆ. ಮೂಲ ಯಾವುದಾದರೇನು, 18ನೆಯ ಶತಮಾನದಲ್ಲಿ ಅದು ಬೈಗುಳವೇ ಆಗಿತ್ತು. 1768ರ ತನ್ನ ಸಂಗೀತ ನಿಘಂಟಿನಲ್ಲಿ ರೂಸೋ, ಸ್ವರಸಂಗತಿ ಗೊಂದಲಗೊಂಡ, ಸಹಜವಲ್ಲದ ಸಂಗೀತಕ್ಕೆ ಈ ಹೆಸರನ್ನು ಕೊಟ್ಟನು. 1888ರಲ್ಲಿ ವೊಲ್ಫ್ಲಿನ್ ಎಂಬ ಕಲಾವಿಮರ್ಶಕನು ಇದನ್ನು ಒಂದು ಶೈಲಿಯೆಂದು ಗಂಭೀರವಾಗಿ ವಿವೇಚಿಸಿದ ಮೇಲೆ ಕಳಂಕ ಕಳೆಯತೊಡಗಿತು. ಇಂದು ಬಾಖನ ಸಂಗೀತಕ್ಕೂ ಬರ್ನಿನಿಯ ಶಿಲ್ಪಕ್ಕೂ ಅದು ಗೌರವದ ಹೆಸರು. ಹಳೆಯ ಗೋವೆಯ ಬೋಮ್ ಜೀಸಸ್ ಚರ್ಚು (1605) ನಮಗೆ ಹತ್ತಿರದ ನಿದರ್ಶನ. ಹಾಗೆಂದು ಹಳೆಯ ಅರ್ಥ ಸತ್ತಿಲ್ಲ. ಸುತ್ತುಬಳಸಿನ ಬರವಣಿಗೆಯನ್ನು ಈಗಲೂ ಬರೋಕ್ ಎಂದು ಹಳಿಯುವುದುಂಟು.

ಹೊಯ್ಸಳ ಶಿಲ್ಪವನ್ನೂ ಕೆಲವರು ಬರೋಕ್ ಎನ್ನುತ್ತಾರೆ. ಹಳೇಬೀಡಿನ ಗೋಡೆಯ ಮಟ್ಟಿಗೆ ಆ ಮಾತನ್ನು ಒಪ್ಪಬಹುದೇನೋ. ನಮ್ಮ ಹೇಮಾವತಿಗೆ ಮಾತ್ರ ಅದು ಸಲ್ಲದು. 9-10ನೆಯ ಶತಮಾನಗಳಲ್ಲಿ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿದ್ದ ಊರಿದು. ಅನಂತಪುರ ಜಿಲ್ಲೆಯಲ್ಲಿದ್ದುದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಇಲ್ಲಿನ ದೊಡ್ಡೇಶ್ವರ ದೇವಾಲಯದ ಗೋಡೆಗಳು ಬಹುಮಟ್ಟಿಗೆ ಸರಳ. ಶಿಲ್ಪಿಯು ತನ್ನ ಸಿರಿಯನ್ನೆಲ್ಲ ಜಾಲಂದ್ರಗಳಲ್ಲಿ ಸುರಿದಿದ್ದಾನೆ. ಕಲ್ಲನ್ನು ಕೊರೆದು ತೆರವು ಮಾಡಿ, ಬಳ್ಳಿಯ ಸುರುಳಿಗಳ ನಡುವೆ ಮೂರ್ತಿಗಳನ್ನು ನಿಲ್ಲಿಸಿದ್ದಾನೆ. ಅಲಂಕಾರ ಅಪಾರ, ಆದರೆ ಚೌಕಟ್ಟನ್ನು ದಾಟಿ ಒಂದು ಎಸಳೂ ಹೊರಗೆ ಚಾಚುವುದಿಲ್ಲ. ಬರೋಕಿಗೆ ಈ ಸಂಯಮವೆಲ್ಲಿಯದು?

ಹಾಗಾದರೆ ಇಂತಹ ಕೆಲಸಕ್ಕೆ ಕನ್ನಡದಲ್ಲಿ ಹೆಸರಿರಲಿಲ್ಲವೆ? ಇತ್ತು. ಬಿನ್ನಣ, ಬಿನ್ನಾಣ. ಸಂಸ್ಕೃತದ ‘ವಿಜ್ಞಾನ’ದ ತದ್ಭವವಿದು. ಹಳಗನ್ನಡದಲ್ಲಿ ಅದಕ್ಕೆ ಕೌಶಲ, ಕುಸುರಿಯ ಜಾಣ್ಮೆ ಎಂಬ ಅರ್ಥ. ಬಿನ್ನಾಣಿಯೆಂದರೆ ನುರಿತ ಕುಶಲಕರ್ಮಿ. ಇಂದು ಆ ಪದದ ಗತಿಯೇನು? ಕನ್ನಡಿಯ ಮುಂದೆ ತುಸು ಹೊತ್ತು ನಿಂತ ಹೆಣ್ಣುಮಗುವಿಗೆ ‘ಸಾಕು ನಿನ್ನ ಬಿನ್ನಾಣ’ ಎಂದು ಗದರುತ್ತೇವೆ. (ಗಂಡುಮಕ್ಕಳು ಎಷ್ಟು ಹೊತ್ತು ನಿಂತರೂ ಈ ಮಾತಿಲ್ಲ!) ಪೋರ್ಚುಗೀಸರ ಸೊಟ್ಟ ಮುತ್ತು ಮೇಲೇರಿತು, ನಮ್ಮ ವಿಜ್ಞಾನವು ಒನಪು ವೈಯಾರವಾಗಿ ಕೆಳಗಿಳಿಯಿತು.

ಒಳನಾಡಿನ ಕನ್ನಡಿಗರಿಗೆ ಇದು ನಿಘಂಟಿನ ಕುತೂಹಲವಷ್ಟೆ. ನಮ್ಮ ಸ್ಥಿತಿ ಬೇರೆ. ಗಡಿಯ ಎಷ್ಟೋ ಮಕ್ಕಳು ಶಾಲೆಯಲ್ಲಿ ತೆಲುಗನ್ನೋ ಇಂಗ್ಲಿಷನ್ನೋ ಓದುತ್ತಾರೆ. ಕನ್ನಡ ಅವರ ಕಿವಿಗೆ ಬೀಳುವುದು ಮನೆಯಲ್ಲಿ. ಮನೆಯಲ್ಲಿ ಬಿನ್ನಾಣವು ಗದರಿಕೆಯಾಗಿಯೇ ಉಳಿದರೆ, ಅವರ ಪಾಲಿಗೆ ಆ ಪದಕ್ಕೆ ಬೇರೊಂದು ಅರ್ಥವೇ ಇರುವುದಿಲ್ಲ. ಆದುದರಿಂದ ಮಕ್ಕಳನ್ನು ಹೇಮಾವತಿಗೆ ಕರೆದೊಯ್ದಾಗ ನಾನು ಮೊದಲು ಬರಿಯ ಗೋಡೆಯನ್ನು ತೋರಿಸುತ್ತೇನೆ, ಅನಂತರ ಜಾಲಂದ್ರವನ್ನು. ಇದು ಬಿನ್ನಾಣಿಯ ಕೈಕೆಲಸ ಎಂದಾಗ ಹೆಣ್ಣುಮಕ್ಕಳು ಮೊದಲು ಮುಖ ಮುಖ ನೋಡಿಕೊಂಡು ನಗುತ್ತಾರೆ.